ಕಂಠೀರವದಲ್ಲಿ ಕೊನೆಗೊಂಡ ಓಟ: ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್

ಭಾರತದ ಫುಟ್‌ಬಾಲ್ ಮೈದಾನಗಳಿಗೆ ಬಂದುಹೋದ ವಿದೇಶಿ ಆಟಗಾರರ ಪಟ್ಟಿ ಬಹಳ ಉದ್ದವಾದುದು. 1980ರಲ್ಲಿ ಕೋಲ್ಕತ್ತಕ್ಕೆ ಬಂದು ಮನೆಮಾತಾದ ಇರಾನ್‌ನ ಮಜೀದ್ ಬಿಷ್ಕರ್, ನೈಜೀರಿಯಾದ ಚೀಮಾ ಒಕೆರಿ, ಬ್ರೆಜಿಲ್‌ನ ಜೋಸ್ ರಮಿರೆಜ್ ಬರೆಟೊ ಮುಂತಾದವರು ಇಲ್ಲಿಯ ಅಭಿಮಾನಿಗಳ ಸ್ಮರಣೆಯಲ್ಲಿ ಶಾಶ್ವತ ಸ್ಥಾನ ಪಡೆದಿದ್ದಾರೆ. ಅವರಲ್ಲಿ ಕೆಲವರು ಇಲ್ಲಿ ದಶಕಕ್ಕೂ ಹೆಚ್ಚು ಕಾಲ ಆಡಿದರು, ಇನ್ನು ಕೆಲವರು ಇಲ್ಲಿಯವರೇ ಆಗಿಹೋದರು. ಆದರೆ ಎರಡು ಋತುಗಳನ್ನೂ ಪೂರ್ಣಗೊಳಿಸದೆ, ಇಪ್ಪತ್ತೈದರ ಹರೆಯದಲ್ಲಿ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಹುಲ್ಲಿನ ಮೇಲೆ ಕುಸಿದು ಮತ್ತೆ ಏಳದೆ ಹೋದ ಕ್ರಿಸ್ಟಿಯಾನೊ ಜೂನಿಯರ್ ಅವರ ಹೆಸರು ಈ ಪಟ್ಟಿಯಲ್ಲಿ ಬೇರೆಯದೇ ಜಾಗದಲ್ಲಿದೆ. 2004ರ ಡಿಸೆಂಬರ್ 5ರ ಭಾನುವಾರ ನಡೆದ ಆ ಘಟನೆ ಕರ್ನಾಟಕದ ಕ್ರೀಡಾ ಇತಿಹಾಸದ ಅತ್ಯಂತ ದಾರುಣ ಅಧ್ಯಾಯಗಳಲ್ಲಿ ಒಂದು. ಅಂದು ಅವರು ಹೊಡೆದ ಎರಡು ಗೋಲುಗಳಿಂದಲೇ ಅವರ ತಂಡ ಫೆಡರೇಷನ್ ಕಪ್ ಗೆದ್ದಿತು. ಎರಡನೆಯ ಗೋಲೇ ಅವರ ಬದುಕಿನ ಕೊನೆಯ ಕ್ರಿಯೆಯಾಯಿತು.

ಕ್ರಿಸ್ಟಿಯಾನೊ ಸೆಬಾಸ್ಟಿಯೊ ಡಿ ಲಿಮಾ ಜೂನಿಯರ್ ಎಂಬುದು ಅವರ ಪೂರ್ಣ ಹೆಸರು. ಹುಟ್ಟಿದ್ದು 1979ರಲ್ಲಿ, ಬ್ರೆಜಿಲ್ ದೇಶದಲ್ಲಿ. ಭಾರತದಲ್ಲಿ ಅನೇಕರು ಜೂನಿಯರ್ ಎಂಬುದನ್ನು ಮೈದಾನದಲ್ಲಿ ಅಂಟಿಕೊಂಡ ಅಡ್ಡಹೆಸರೆಂದು ಭಾವಿಸಿದ್ದುಂಟು. ವಾಸ್ತವದಲ್ಲಿ ತಂದೆಯ ಹೆಸರನ್ನೇ ಮಗನಿಗಿಡುವಾಗ ಕೊನೆಯಲ್ಲಿ ಜೂನಿಯರ್ ಎಂದು ಸೇರಿಸುವುದು ಬ್ರೆಜಿಲ್‌ನ ವಾಡಿಕೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವಂತೆ ಅಲ್ಲಿ ತಂದೆಯ ಹೆಸರು ಇಡಿಯಾಗಿ ಮಗನಿಗೆ ದಾಟುತ್ತದೆ.

ಅವರು ಬೆಳೆದ ಕಾಲವನ್ನು ಗಮನಿಸಬೇಕು. ಅಮೆರಿಕದಲ್ಲಿ ನಡೆದ 1994ರ ವಿಶ್ವಕಪ್ಪನ್ನು ಬ್ರೆಜಿಲ್ ಗೆದ್ದಾಗ ಜೂನಿಯರ್ ಹದಿನೈದರ ಬಾಲಕ. ಜಪಾನ್ ಮತ್ತು ಕೊರಿಯಾದಲ್ಲಿ 2002ರಲ್ಲಿ ಐದನೆಯ ಬಾರಿ ವಿಶ್ವಕಪ್ ಬ್ರೆಜಿಲ್ ಪಾಲಾದಾಗ ಅವರು ಇಪ್ಪತ್ತಮೂರರ ಆಸುಪಾಸಿನ ವೃತ್ತಿಪರ ಆಟಗಾರ. ರೊಮಾರಿಯೊ, ರೊನಾಲ್ಡೊ, ರಿವಾಲ್ಡೊ ಅವರಂಥವರು ಹುಟ್ಟುವ ನಾಡಿನಲ್ಲಿ ಮುಂಚೂಣಿ ಆಟಗಾರನಾಗಿ ಅನ್ನ ಸಂಪಾದಿಸುವುದು ಸುಲಭದ ಮಾತಲ್ಲ. ಅಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಕೊರತೆಯಿರುವುದು ದೊಡ್ಡ ಕ್ಲಬ್ಬುಗಳ ಅಂಗಿಗಳಿಗೆ. ಆದ್ದರಿಂದಲೇ ಪ್ರತಿ ವರ್ಷ ನೂರಾರು ಬ್ರೆಜಿಲಿಯನ್ ಆಟಗಾರರು ಯುರೋಪ್, ಜಪಾನ್, ಕೊಲ್ಲಿ ರಾಷ್ಟ್ರಗಳತ್ತ ಹೊರಡುತ್ತಾರೆ. ದುಡಿಮೆ ಹುಡುಕಿ ರಾಯಚೂರು ಜಿಲ್ಲೆಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವವರನ್ನು ಕಂಡ ಓದುಗರಿಗೆ ಈ ವಲಸೆಯ ಮರ್ಮವನ್ನು ವಿವರಿಸಬೇಕಾಗಿಲ್ಲ. ಕೂಲಿಯ ಮೊತ್ತ ಬೇರೆಯಾದರೂ ಊರು ಬಿಡಿಸುವ ಕಾರಣ ಬಹುತೇಕ ಒಂದೇ. ಹಾಗೆ ಹೊರಟವರಲ್ಲಿ ಒಬ್ಬರಾಗಿ ಜೂನಿಯರ್ 2003ರಲ್ಲಿ ಭಾರತಕ್ಕೆ ಬಂದರು.

ಬ್ರೆಜಿಲ್ ಎಂದರೆ ಮೈಮರೆಯುವ ಊರಿಗೇ ಅವರು ಬಂದರೆಂಬುದು ಗಮನಾರ್ಹ. 1977ರ ಸೆಪ್ಟೆಂಬರ್‌ನಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ತಂಡದೊಂದಿಗೆ ಕೋಲ್ಕತ್ತಕ್ಕೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗನ್ ವಿರುದ್ಧ ಆಡಿದಂದಿನಿಂದ ಆ ನಗರಕ್ಕೆ ಬ್ರೆಜಿಲ್‌ನ ಗುಂಗು ಹಿಡಿದಿತ್ತು. ವಿಶ್ವಕಪ್ ಬಂತೆಂದರೆ ಅಲ್ಲಿಯ ಗಲ್ಲಿಗಲ್ಲಿಗಳಲ್ಲಿ ಹಳದಿ ಮತ್ತು ಹಸಿರು ಧ್ವಜಗಳು ಹಾರಾಡುತ್ತವೆ. ಅಂಥ ಊರಿನಲ್ಲಿ ಬ್ರೆಜಿಲ್‌ನಿಂದ ಬಂದ ಆಟಗಾರನಿಗೆ ಮೊದಲ ದಿನವೇ ಪ್ರೀತಿ ದೊರೆಯುತ್ತದೆ. ಗೋಲು ಬಾರದಿದ್ದರೆ ಆ ಪ್ರೀತಿ ಮೂರನೆಯ ವಾರಕ್ಕೆ ಬೈಗುಳವಾಗಿ ತಿರುಗುವುದೂ ಅಷ್ಟೇ ನಿಶ್ಚಿತ. ಜೂನಿಯರ್ ಸೇರಿದ್ದು 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್ಬನ್ನು. ದೇಶ ವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ತಮ್ಮ ಅಭಿಮಾನವನ್ನೆಲ್ಲ ಧಾರೆಯೆರೆದ ಕ್ಲಬ್ ಅದು. 1889ರಷ್ಟು ಹಳೆಯದಾದ ಮೋಹನ್ ಬಾಗನ್ ಅದರ ಸಾಂಪ್ರದಾಯಿಕ ಎದುರಾಳಿ.

ಜೂನಿಯರ್ ಸೇರಿದಾಗ ಈಸ್ಟ್ ಬೆಂಗಾಲ್ ಉತ್ತುಂಗದಲ್ಲಿತ್ತು. ಸುಭಾಷ್ ಭೌಮಿಕ್ ಅವರ ತರಬೇತಿಯಲ್ಲಿ ತಂಡವು 2002-03ರ ರಾಷ್ಟ್ರೀಯ ಲೀಗ್ ಗೆದ್ದುಕೊಂಡಿತ್ತು. 2003ರ ಜುಲೈನಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದು ಬಂದಿತ್ತು. ಬೈಚುಂಗ್ ಭುಟಿಯಾ, ಘಾನಾದ ಸುಲೆ ಮೂಸಾ, ಬ್ರೆಜಿಲ್‌ನವರೇ ಆದ ಡಗ್ಲಾಸ್ ಡಿ ಸಿಲ್ವಾ ಅವರಿದ್ದ ಆ ತಂಡದಲ್ಲಿ ಹೊಸಬನೊಬ್ಬ ತನ್ನ ಜಾಗ ಕಂಡುಕೊಳ್ಳುವುದೇ ಒಂದು ಪರೀಕ್ಷೆ. ಜೂನಿಯರ್ ಆ ಪರೀಕ್ಷೆಯಲ್ಲಿ ಗೆದ್ದದ್ದಷ್ಟೇ ಅಲ್ಲ, ಇಡೀ ದೇಶದಲ್ಲಿ ಮೊದಲಿಗರಾದರು. 2003-04ರ ರಾಷ್ಟ್ರೀಯ ಲೀಗ್‌ನಲ್ಲಿ ಅವರು 15 ಗೋಲುಗಳನ್ನು ಬಾರಿಸಿ ಟೂರ್ನಿಯ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನೆನಿಸಿದರು. ಈಸ್ಟ್ ಬೆಂಗಾಲ್ ಪ್ರಶಸ್ತಿಯನ್ನು ಉಳಿಸಿಕೊಂಡಿತು. 1996ರಲ್ಲಿ ಆರಂಭವಾದ ಆ ಲೀಗ್‌ನಲ್ಲಿ ಅದುವರೆಗೆ ಯಾವ ತಂಡವೂ ಸತತ ಎರಡು ಬಾರಿ ಪ್ರಶಸ್ತಿ ಗೆದ್ದಿರಲಿಲ್ಲವೆಂಬುದನ್ನು ನೆನೆದರೆ ಆ ಹದಿನೈದು ಗೋಲುಗಳ ಬೆಲೆ ತಿಳಿಯುತ್ತದೆ.

ಆ ವರ್ಷ ಈಸ್ಟ್ ಬೆಂಗಾಲ್ ಹಿಂದೆ ಎರಡನೆಯ ಸ್ಥಾನದಲ್ಲಿ ನಿಂತ ತಂಡ ಗೋವಾದ ಡೆಂಪೊ ಸ್ಪೋರ್ಟ್ಸ್ ಕ್ಲಬ್. ಗಣಿ ಉದ್ಯಮದಿಂದ ಹೆಸರಾದ ಡೆಂಪೊ ಮನೆತನದ ಈ ಕ್ಲಬ್ ಗೋವಾದಲ್ಲಿ ಜನಪ್ರಿಯವಾಗಿದ್ದರೂ ರಾಷ್ಟ್ರೀಯ ಲೀಗ್ ಕಿರೀಟ ಮಾತ್ರ ಅದುವರೆಗೆ ಕೈಗೆ ಸಿಕ್ಕಿರಲಿಲ್ಲ. ಕೋಚ್ ಅರ್ಮಾಂಡೊ ಕೊಲಾಸೊ ತಾಳ್ಮೆಯಿಂದ ತಂಡ ಕಟ್ಟುತ್ತಿದ್ದರು. ತಮ್ಮನ್ನು ಹಿಂದಿಕ್ಕಿದ ತಂಡದ ಪ್ರಮುಖ ಗೋಲುಗಾರನನ್ನೇ ತಮ್ಮ ಕಡೆಗೆ ಸೆಳೆದುಕೊಂಡದ್ದು ಡೆಂಪೊ ತೋರಿದ ಜಾಣ್ಮೆ. 2004ರಲ್ಲಿ ಜೂನಿಯರ್ ಕೋಲ್ಕತ್ತ ಬಿಟ್ಟು ಗೋವಾಕ್ಕೆ ಬಂದರು. ಅದೇ ವರ್ಷ ನೈಜೀರಿಯಾದ ತರುಣ ರಾಂಟಿ ಮಾರ್ಟಿನ್ಸ್ ಕೂಡ ಡೆಂಪೊ ಸೇರಿದರು. ಪೋರ್ಚುಗೀಸರು ನಾಲ್ಕೂವರೆ ಶತಮಾನ ಆಳಿದ ಗೋವಾದ ಬೀದಿಗಳಲ್ಲಿ, ಇಗರ್ಜಿಗಳಲ್ಲಿ, ಜನರ ಹೆಸರುಗಳಲ್ಲಿ ಪೋರ್ಚುಗೀಸ್ ಮಾತನಾಡುವ ಬ್ರೆಜಿಲಿಯನ್ನನಿಗೆ ತವರಿನ ನೆನಪು ತರುವಂಥವು ಹೇರಳವಾಗಿ ಸಿಗುತ್ತವೆ. ಹತ್ತನೆಯ ಸಂಖ್ಯೆಯ ಅಂಗಿ ಅವರ ಪಾಲಿಗೆ ಬಂತು. ಪೆಲೆ ತೊಟ್ಟ ಸಂಖ್ಯೆ ಎಂಬ ಕಾರಣಕ್ಕೆ ಬ್ರೆಜಿಲ್‌ನ ಯಾವ ಆಟಗಾರನಿಗೂ ಆ ಅಂಗಿ ಕೇವಲ ಅಂಗಿಯಲ್ಲ.

ಡೆಂಪೊ ಪರ ಅವರ ಮೊದಲ ದೊಡ್ಡ ಪರೀಕ್ಷೆ 2004ರ ಫೆಡರೇಷನ್ ಕಪ್. ಅದು ನಡೆದದ್ದು ಬೆಂಗಳೂರಿನಲ್ಲಿ. ಈ ಟೂರ್ನಿಗೂ ಬೆಂಗಳೂರಿಗೂ ಹಳೆಯ ನಂಟಿದೆ. 1977ರ ಪ್ರಪ್ರಥಮ ಫೆಡರೇಷನ್ ಕಪ್ ಗೆದ್ದದ್ದು ಕೋಲ್ಕತ್ತದ ತಂಡವಲ್ಲ, ಬೆಂಗಳೂರಿನ ಐಟಿಐ ಕಾರ್ಖಾನೆಯ ತಂಡ. ಫೈನಲ್‌ನಲ್ಲಿ ಅದು ಸೋಲಿಸಿದ್ದು ಮೋಹನ್ ಬಾಗನ್ ತಂಡವನ್ನು. ಅದಕ್ಕೂ ಹಿಂದೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು ಬ್ರಿಟಿಷ್ ಸೇನಾ ತಂಡಗಳ ಏಕಸ್ವಾಮ್ಯವನ್ನು ಮುರಿದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹೈದರಾಬಾದ್ ಕರ್ನಾಟಕದ ಹಿರಿಯರಿಗೆ ಇನ್ನೊಂದು ನೆನಪೂ ಇರಬಹುದು: ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ದಿನಗಳಲ್ಲಿ, 1950ರಿಂದ 1954ರವರೆಗೆ, ಸೈಯದ್ ಅಬ್ದುಲ್ ರಹೀಮ್ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅದೇ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದಿತ್ತು. ಇಂಥ ಪರಂಪರೆಯ ನಾಡು ಕ್ರಮೇಣ ಕ್ರಿಕೆಟ್ಟಿನತ್ತ ವಾಲಿತ್ತು. ಆದರೂ ಆಸ್ಟಿನ್ ಟೌನ್, ಗೌತಮಪುರಗಳ ಗಲ್ಲಿಗಳಲ್ಲಿ ಕಾಲ್ಚೆಂಡಿನ ಹುಚ್ಚು ಆರಿರಲಿಲ್ಲ.

ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಸಜ್ಜಾದದ್ದು. ಡಿಸೆಂಬರ್ 5ರಂದು ಅಲ್ಲಿ ಡೆಂಪೊ ಮತ್ತು ಮೋಹನ್ ಬಾಗನ್ ಎದುರಾದವು. ಜೂನಿಯರ್ ಪಾಲಿಗೆ ಮೋಹನ್ ಬಾಗನ್ ಹೊಸ ಎದುರಾಳಿಯೇನಲ್ಲ. ಈಸ್ಟ್ ಬೆಂಗಾಲ್ ಅಂಗಿ ತೊಟ್ಟವನಿಗೆ ಆ ತಂಡದ ಎದುರು ಆಡುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೋಹನ್ ಬಾಗನ್ ಗೋಲ್ ಕೀಪರ್ ಸುಬ್ರತಾ ಪಾಲ್. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತಯಾರಾಗಿ ಆ ವರ್ಷವಷ್ಟೇ ದೊಡ್ಡ ಕ್ಲಬ್ಬಿಗೆ ಬಂದಿದ್ದ ಅವರಿಗೆ ಆಗತಾನೇ ಹದಿನೆಂಟು ತುಂಬಿತ್ತು.

ಪಂದ್ಯದಲ್ಲಿ ಡೆಂಪೊ ಪರ ಮೊದಲ ಗೋಲು ಜೂನಿಯರ್ ಅವರದು. ಪಂದ್ಯ ಕೊನೆಯ ಹಂತದತ್ತ ಸಾಗಿತ್ತು. ಆಗ ಮುನ್ನುಗ್ಗಿದ ಜೂನಿಯರ್ ಚೆಂಡಿನೊಂದಿಗೆ ಗೋಲು ಪೆಟ್ಟಿಗೆಯ ಸಮೀಪಕ್ಕೆ ಬಂದರು. ಅವರನ್ನು ತಡೆಯಲು ಸುಬ್ರತಾ ಪಾಲ್ ಮುಂದಕ್ಕೆ ಧಾವಿಸಿದರು. ಜೂನಿಯರ್ ಚೆಂಡನ್ನು ಗುರಿಯತ್ತ ಕಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರೂ ಪರಸ್ಪರ ಢಿಕ್ಕಿ ಹೊಡೆದರು. ಚೆಂಡು ಬಲೆ ಸೇರಿತು. ಜೂನಿಯರ್ ನೆಲಕ್ಕುರುಳಿದರು. ಫುಟ್‌ಬಾಲ್‌ನಲ್ಲಿ ಢಿಕ್ಕಿ ಹೊಡೆದು ಬೀಳುವುದು ದಿನನಿತ್ಯದ ಸಂಗತಿ. ಕೆಲವರು ನೋವಿನಿಂದ ಬೀಳುತ್ತಾರೆ, ಕೆಲವರು ಕಾಲ ತಳ್ಳಲು ಬೀಳುತ್ತಾರೆ. ಬಿದ್ದವರು ಏಳುತ್ತಾರೆಂಬ ನಂಬಿಕೆ ನೋಡುವವರದು. ಅಂದು ಆ ನಂಬಿಕೆ ಸುಳ್ಳಾಯಿತು.

ಸಹ ಆಟಗಾರರು ಮತ್ತು ತಂಡದ ಸಿಬ್ಬಂದಿ ಓಡಿಬಂದು ಬಾಯಿಗೆ ಬಾಯಿಟ್ಟು ಉಸಿರು ನೀಡಲು, ಎದೆಯೊತ್ತಿ ಗುಂಡಿಗೆಯನ್ನು ಮತ್ತೆ ಚಾಲನೆಗೊಳಿಸಲು ಯತ್ನಿಸಿದರು. ಬಳಿಕ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿಗೆ ತಲುಪುವ ವೇಳೆಗೆ ಜೀವ ಹೋಗಿತ್ತು. ಇತ್ತ ಕ್ರೀಡಾಂಗಣದಲ್ಲಿ ಡೆಂಪೊ 2-0 ಅಂತರದಲ್ಲಿ ಗೆದ್ದು ಮೊದಲ ಬಾರಿಗೆ ಫೆಡರೇಷನ್ ಕಪ್ಪನ್ನು ತನ್ನದಾಗಿಸಿಕೊಂಡಿತ್ತು. ಅಂಕಪಟ್ಟಿಯಲ್ಲಿ ಎರಡೂ ಗೋಲುಗಳ ಮುಂದೆ ಒಂದೇ ಹೆಸರು. ವರ್ಷಗಟ್ಟಲೆ ಕಾದು ಪಡೆದ ಗೆಲುವನ್ನು ಆಚರಿಸುವ ಸ್ಥಿತಿಯಲ್ಲಿ ಡೆಂಪೊದ ಯಾರೂ ಇರಲಿಲ್ಲ.

ಮರಣೋತ್ತರ ಪರೀಕ್ಷೆ ಸಾವಿಗೆ ಹೃದಯ ಸ್ತಂಭನ ಕಾರಣವೆಂದು ತಿಳಿಸಿತು. ಆದರೆ ಅಷ್ಟು ಹೊತ್ತಿಗಾಗಲೇ ಟಿ.ವಿ. ಪರದೆಗಳಲ್ಲಿ ಆ ಢಿಕ್ಕಿಯ ದೃಶ್ಯ ಮತ್ತೆ ಮತ್ತೆ ಮೂಡಿ, ದೇಶದ ಉದ್ದಗಲಕ್ಕೂ ವಿಚಾರಣೆ ಶುರುವಾಗಿತ್ತು. ಗೋವಾದಲ್ಲಿ ದುಃಖದ ಜತೆಗೆ ಸಿಟ್ಟೂ ಇತ್ತು. ಎಳೆಯ ಗೋಲ್ ಕೀಪರ್ ಮೇಲೆ ಆರೋಪಗಳ ಸುರಿಮಳೆಯಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ವಿಚಾರಣೆ ನಡೆಸಿತು. ಸುಬ್ರತಾ ಪಾಲ್ ಕೆಲ ಕಾಲ ಆಟದಿಂದ ಅಮಾನತುಗೊಂಡರು. ಗೋಲು ಪೆಟ್ಟಿಗೆಯನ್ನು ಬಿಟ್ಟು ಮುಂದೆ ನುಗ್ಗಿ, ಚೆಂಡಿಗೂ ಗೋಲಿಗೂ ನಡುವೆ ಮೈಯೊಡ್ಡುವುದು ಗೋಲ್ ಕೀಪರ್‌ನ ಕಸುಬು. ಆ ಕ್ಷಣದಲ್ಲಿ ಅವರು ಮಾಡಿದ್ದು ನಿಯಮ ಮೀರಿದ್ದೇ ಎಂಬುದು ಒಂದು ಪ್ರಶ್ನೆ. ಅದೇ ಸಾವಿಗೆ ಕಾರಣವೇ ಎಂಬುದು ಬೇರೆಯದೇ ಪ್ರಶ್ನೆ. ಆ ದಿನಗಳ ಆವೇಶದಲ್ಲಿ ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಯಿತು. ಹದಿನೆಂಟರ ಹುಡುಗನ ಹೆಗಲಿಗೆ ಅದು ಅತಿ ಭಾರದ ಹೊರೆಯಾಗಿತ್ತೆಂದೇ ಹೇಳಬೇಕು.

ಮೂರನೆಯ ಪ್ರಶ್ನೆಯೊಂದಿತ್ತು. ಬಿದ್ದ ಮೇಲಿನ ನಿಮಿಷಗಳಲ್ಲಿ ಏನಾಯಿತು ಎಂಬುದು. ರಾಷ್ಟ್ರೀಯ ಮಟ್ಟದ ಫೈನಲ್ ನಡೆಯುವ ಕ್ರೀಡಾಂಗಣದಲ್ಲಿ ತುರ್ತು ವೈದ್ಯಕೀಯ ವ್ಯವಸ್ಥೆ ಸಾಲದಾಗಿತ್ತೆಂಬ ಟೀಕೆ ಆಗಲೇ ಎದ್ದಿತ್ತು. ಆದರೆ ಢಿಕ್ಕಿಯ ದೃಶ್ಯಕ್ಕಿದ್ದ ಸೆಳೆತ ಈ ಪ್ರಶ್ನೆಗಿರಲಿಲ್ಲ. ಜೂನಿಯರ್ ಅವರ ಬದುಕಿನ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ ಆಗಿರುವುದರಿಂದ ಇದನ್ನು ತುಸು ವಿವರವಾಗಿ ನೋಡಬೇಕು.

ಹೃದಯಾಘಾತ ಮತ್ತು ಹೃದಯ ಸ್ತಂಭನ ಇವೆರಡನ್ನೂ ನಮ್ಮ ಆಡುಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ವೈದ್ಯಶಾಸ್ತ್ರಕ್ಕೆ ಇವು ಬೇರೆ ಬೇರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಆಗುವುದು ಹೃದಯಾಘಾತ. ಹೃದಯದ ಬಡಿತವನ್ನು ನಿಯಂತ್ರಿಸುವ ವಿದ್ಯುತ್ ಲಯ ಹಠಾತ್ತನೆ ತಪ್ಪಿ, ಗುಂಡಿಗೆ ರಕ್ತ ಚಿಮ್ಮಿಸುವುದನ್ನು ನಿಲ್ಲಿಸಿದರೆ ಅದು ಹೃದಯ ಸ್ತಂಭನ. ಆರೋಗ್ಯವಂತನೆಂದು ತೋರುವ ಯುವ ಆಟಗಾರನಲ್ಲಿ ಇದಕ್ಕೆ ಹುಟ್ಟಿನಿಂದಲೇ ಬಂದ, ಮೊದಲೇ ಪತ್ತೆಯಾಗದ ದೋಷ ಕಾರಣವಾಗಿರಬಹುದು. ಹೃದಯದ ಸ್ನಾಯು ಅಳತೆ ಮೀರಿ ದಪ್ಪವಾಗಿರುವುದು ಅಂಥ ದೋಷಗಳಲ್ಲೊಂದು. ಯಾವ ದೋಷವೂ ಇಲ್ಲದ ಗುಂಡಿಗೆಗೂ, ಎದೆಯ ಮೇಲೆ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಪೆಟ್ಟು ಬಿದ್ದರೆ ಲಯ ತಪ್ಪಬಹುದು. 2023ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಅವರಿಗೆ ಆದದ್ದು ಅದೇ. ಕಾರಣ ಯಾವುದೇ ಇರಲಿ, ಪರಿಹಾರ ಒಂದೇ: ತಕ್ಷಣ ಎದೆಯೊತ್ತುವಿಕೆ, ಆದಷ್ಟು ಬೇಗ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರ. ಇವೆರಡೂ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದು ಬಹಳ ಕಡಿಮೆ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಹತ್ತು ನಿಮಿಷಕ್ಕೆ ಎಷ್ಟು ದೂರ ಸಾಗಬಹುದೆಂಬುದು ಗೊತ್ತಿರುವ ವಿಷಯ. ಆದ್ದರಿಂದ ಯಂತ್ರವು ರೋಗಿಯ ಬಳಿಗೆ ಬರಬೇಕೇ ಹೊರತು ರೋಗಿ ಯಂತ್ರದ ಬಳಿಗೆ ಹೋಗುವಂತಿಲ್ಲ.

ಆ ಕಾಲದಲ್ಲಿ ಇದು ಭಾರತದ ಸಮಸ್ಯೆ ಮಾತ್ರವಾಗಿರಲಿಲ್ಲ. ಜೂನಿಯರ್ ಸಾವಿಗೆ ಒಂದೂವರೆ ವರ್ಷ ಮೊದಲು, 2003ರ ಜೂನ್ 26ರಂದು, ಫ್ರಾನ್ಸ್‌ನ ಲಿಯಾನ್ ನಗರದಲ್ಲಿ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್ ಆಡುತ್ತಿದ್ದ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಯಾರೂ ಮುಟ್ಟದೆಯೇ ಕುಸಿದು ಅಸುನೀಗಿದ್ದರು. ಅವರಿಗೆ 28 ವರ್ಷ. 2004ರ ಜನವರಿ 25ರಂದು ಪೋರ್ಚುಗಲ್‌ನಲ್ಲಿ ಬೆನ್ಫಿಕಾ ತಂಡದ, ಹಂಗೇರಿಯ 24ರ ತರುಣ ಮಿಕ್ಲೋಸ್ ಫೆಹೆರ್, ಮುಗುಳುನಗೆ ಬೀರಿದ ಮರುಕ್ಷಣವೇ ಮೊಣಕಾಲ ಮೇಲೆ ಕೈಯೂರಿ ಬಾಗಿ ನೆಲಕ್ಕುರುಳಿದ್ದರು. ಅದೇ ವರ್ಷದ ಕೊನೆಗೆ ಬೆಂಗಳೂರು. 2007ರಲ್ಲಿ ಸ್ಪೇನ್‌ನ ಸೆವಿಲ್ಲಾ ತಂಡದ ಅಂಟೋನಿಯೊ ಪುಯೆರ್ಟಾ, 22ರಲ್ಲೇ. ಸಾಲುಸಾಲಾಗಿ ನಡೆದ ಈ ದುರಂತಗಳು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾವನ್ನು ಎಚ್ಚರಿಸಿದವು. 2006ರ ವಿಶ್ವಕಪ್‌ನಿಂದ ಆಟಗಾರರಿಗೆ ಪಂದ್ಯಾವಳಿಗೂ ಮೊದಲೇ ಹೃದಯ ತಪಾಸಣೆಯ ಪದ್ಧತಿ ಜಾರಿಗೆ ಬಂತು. 2013ರಲ್ಲಿ ಡಿಫಿಬ್ರಿಲೇಟರ್ ಒಳಗೊಂಡ ತುರ್ತು ಚಿಕಿತ್ಸಾ ಚೀಲಗಳನ್ನು ಫಿಫಾ ತನ್ನ ಸದಸ್ಯ ರಾಷ್ಟ್ರಗಳಿಗೆ ವಿತರಿಸಿತು.

ವ್ಯವಸ್ಥೆಯಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2012ರ ಮಾರ್ಚ್ ತಿಂಗಳ ಒಂದೇ ವಾರ ಸಾಕ್ಷಿಯಾಯಿತು. ಮಾರ್ಚ್ 17ರಂದು ಲಂಡನ್‌ನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುಆಂಬಾ ಪಂದ್ಯದ ನಡುವೆ ಕುಸಿದರು. ಅವರ ಹೃದಯ 78 ನಿಮಿಷ ಸ್ವಂತ ಬಲದಿಂದ ಬಡಿಯಲಿಲ್ಲ. ಮೈದಾನದಲ್ಲೇ ಆರಂಭವಾದ ಚಿಕಿತ್ಸೆ ಆಸ್ಪತ್ರೆಯವರೆಗೂ ನಿಲ್ಲದೆ ಮುಂದುವರಿದು ಅವರು ಬದುಕಿದರು. ನಾಲ್ಕು ದಿನಗಳ ಬಳಿಕ, ಮಾರ್ಚ್ 21ರಂದು, ಬೆಂಗಳೂರಿನ ಫುಟ್‌ಬಾಲ್ ಮೈದಾನದಲ್ಲಿ ಜಿಲ್ಲಾ ಎ ಡಿವಿಷನ್ ಲೀಗ್ ಪಂದ್ಯದ ವೇಳೆ 27 ವರ್ಷದ ಸ್ಥಳೀಯ ಆಟಗಾರರೊಬ್ಬರು ಕುಸಿದುಬಿದ್ದರು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಸಂಗಡಿಗರು ಅವರನ್ನು ಆಟೊರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಅವರು ಉಳಿಯಲಿಲ್ಲ. ಜೂನಿಯರ್ ಮರಣಹೊಂದಿ ಏಳು ವರ್ಷಗಳು ಕಳೆದಿದ್ದವು. ಅದೇ ನಗರ, ಅದೇ ಆಟ. ಬ್ರೆಜಿಲ್‌ನ ಆಟಗಾರ ಸತ್ತಾಗ ದೇಶವೇ ಮಾತನಾಡಿತ್ತು. ಸ್ಥಳೀಯ ಲೀಗ್‌ನ ಆಟಗಾರನಿಗೆ ಕೆಲ ದಿನಗಳ ಸುದ್ದಿ ದೊರೆಯಿತು. ಎರಡೂ ಸಲ ಪಾಠ ಒಂದೇ ಆಗಿತ್ತು, ಮೊದಲ ಸಲ ಅದನ್ನು ಕಲಿತಿರಲಿಲ್ಲ ಎಂಬುದು ಎರಡನೆಯ ಸಲ ಬಯಲಾಯಿತು. 2019ರ ಡಿಸೆಂಬರ್‌ನಲ್ಲಿ ಕೇರಳದ ಪೆರಿಂದಲ್ಮಣ್ಣದಲ್ಲಿ ಸೆವೆನ್ಸ್ ಪಂದ್ಯ ಆಡುತ್ತಿದ್ದ, ಹಿಂದೆ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಎರಡರಲ್ಲೂ ಇದ್ದ ಆರ್. ಧನರಾಜನ್ ಕೂಡ ಹೀಗೆಯೇ ಹೋದರು.

ಇದಕ್ಕೆ ವಿರುದ್ಧವಾದ ಚಿತ್ರವನ್ನು ಜಗತ್ತು 2021ರ ಜೂನ್ 12ರಂದು ಕಂಡಿತು. ಯುರೋ ಕಪ್ ಪಂದ್ಯದಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಕುಸಿದಾಗ ಸಹ ಆಟಗಾರರು ಸುತ್ತುಗಟ್ಟಿ ನಿಂತರು, ವೈದ್ಯರು ಅಲ್ಲಿಯೇ ಎದೆಯೊತ್ತಿ ವಿದ್ಯುತ್ ಆಘಾತ ನೀಡಿದರು. ಎರಿಕ್ಸನ್ ಬದುಕಿದ್ದಷ್ಟೇ ಅಲ್ಲ, ಮರುವರ್ಷ ಮತ್ತೆ ಆಡಿದರು.

ಡೆಂಪೊ ಕಡೆಗೆ ಹಿಂದಿರುಗೋಣ. ಕಳೆದುಕೊಂಡವನ ನೋವಿನಲ್ಲೇ ಆ ತಂಡ ರಾಷ್ಟ್ರೀಯ ಲೀಗ್‌ಗೆ ಇಳಿಯಿತು. ಮುಂಚೂಣಿಯ ಹೊಣೆ ರಾಂಟಿ ಮಾರ್ಟಿನ್ಸ್ ಅವರ ಮೇಲೆ ಬಿತ್ತು. ಆ ವರ್ಷ, ಅಂದರೆ 2004-05ರಲ್ಲಿ, ಡೆಂಪೊ ಪ್ರಪ್ರಥಮ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಮುಂದೆ 2006-07ರಲ್ಲಿ ಮತ್ತೊಮ್ಮೆ, ಲೀಗ್ ಐ-ಲೀಗ್ ಎಂದು ಹೆಸರು ಬದಲಿಸಿಕೊಂಡ ಮೇಲೆ 2007-08, 2009-10, 2011-12ರಲ್ಲಿ ಗೆದ್ದು ದೇಶದ ಅಗ್ರಗಣ್ಯ ತಂಡವಾಯಿತು. ಐದೂ ಪ್ರಶಸ್ತಿಗಳು ಅರ್ಮಾಂಡೊ ಕೊಲಾಸೊ ಅವರ ತರಬೇತಿಯಲ್ಲೇ ಬಂದವು. ಆ ಗೆಲುವಿನ ಯುಗದ ಬಾಗಿಲು ತೆರೆದದ್ದು ಬೆಂಗಳೂರಿನ ಫೆಡರೇಷನ್ ಕಪ್. ಬಾಗಿಲು ತೆರೆದವನು ಒಳಗೆ ಕಾಲಿಡಲಿಲ್ಲ. ಜೂನಿಯರ್ ತೊಟ್ಟಿದ್ದ ಹತ್ತನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಡೆಂಪೊ ನಿರ್ಧರಿಸಿತು.

ಸುಬ್ರತಾ ಪಾಲ್ ಅವರ ಮುಂದಿನ ಹಾದಿಯನ್ನೂ ಇಲ್ಲಿ ಹೇಳದಿದ್ದರೆ ಕಥೆ ಅಪೂರ್ಣ. ಅಮಾನತಿನ ಬಳಿಕ ಅವರು ಮೈದಾನಕ್ಕೆ ಮರಳಿದರು. ಭಾರತ ತಂಡದ ಮೊದಲ ಆಯ್ಕೆಯ ಗೋಲ್ ಕೀಪರ್ ಆದರು. 2011ರ ಏಷ್ಯಾ ಕಪ್‌ನಲ್ಲಿ ಬಲಿಷ್ಠ ದಕ್ಷಿಣ ಕೊರಿಯಾ ಎದುರು ಭಾರತ ಸೋತರೂ ಅವರು ತಡೆದ ಚೆಂಡುಗಳ ಲೆಕ್ಕ ವಿದೇಶಿ ಪತ್ರಿಕೆಗಳ ಗಮನವನ್ನೂ ಸೆಳೆಯಿತು. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ಅವರು ನಿವೃತ್ತಿ ಘೋಷಿಸಿದಾಗ ಬರೆದ ಲೇಖನಗಳಲ್ಲೂ ಹತ್ತೊಂಬತ್ತು ವರ್ಷ ಹಿಂದಿನ ಬೆಂಗಳೂರಿನ ಆ ಸಂಜೆ ಇಣುಕದೆ ಇರಲಿಲ್ಲ.

ಕಂಠೀರವದಲ್ಲಿ ಅನಂತರ ಸಂಭ್ರಮದ ದಿನಗಳೂ ಬಂದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಅದನ್ನು ತನ್ನ ತವರು ಮೈದಾನವಾಗಿ ಮಾಡಿಕೊಂಡಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷದ ಜುಲೈನಲ್ಲಿ ಕಂಠೀರವದ ತುಂಬಿದ ಗ್ಯಾಲರಿಗಳ ಮುಂದೆ ಭಾರತ ಕುವೈತ್ ತಂಡವನ್ನು ಸೋಲಿಸಿ ಸ್ಯಾಫ್ ಚಾಂಪಿಯನ್ ಆಯಿತು. ಇಂದು ರಾಷ್ಟ್ರೀಯ ಮಟ್ಟದ ಲೀಗ್ ಪಂದ್ಯಗಳಲ್ಲಿ ಆಂಬುಲೆನ್ಸ್, ವೈದ್ಯರು ಕಡ್ಡಾಯ. ಈ ಬದಲಾವಣೆಗೆ ಜೂನಿಯರ್ ಅವರಂಥವರ ಸಾವುಗಳು ಬೆಲೆ ತೆತ್ತಿವೆ.

ಆದರೆ ದೊಡ್ಡ ಕ್ರೀಡಾಂಗಣದಿಂದಾಚೆಗೆ? 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಅಗಲಿದ ಮೇಲೆ ಕರ್ನಾಟಕದಲ್ಲಿ ಹೃದಯದ ಕುರಿತ ಎಚ್ಚರ ಹೆಚ್ಚಿತು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದು ತಾಲೂಕು ಆಸ್ಪತ್ರೆಗಳ ಮಟ್ಟದಲ್ಲೇ ತುರ್ತು ಚಿಕಿತ್ಸೆ ಸಿಗುವಂತೆ ಮಾಡಲು ಹೊರಟಿತು. ಒಳ್ಳೆಯ ಹೆಜ್ಜೆಯೇ ಸರಿ. ಆದರೆ ತುಂಗಭದ್ರೆಯ ದಡದ ಚೀಕಲಪರ್ವಿಯ ಶಾಲಾ ಬಯಲಿನಲ್ಲಿ ಆಡುವ ಹುಡುಗನೊಬ್ಬ ಕುಸಿದರೆ ಮಾನ್ವಿಯ ಆಸ್ಪತ್ರೆ ಹತ್ತು ನಿಮಿಷದ ದಾರಿಯಲ್ಲ. ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತೂ ಇನ್ನೂ ದೂರ. ದೇವದುರ್ಗದ ಹಳ್ಳಿಗಳ ಸ್ಥಿತಿಯೂ ಭಿನ್ನವಲ್ಲ. ಜಾತ್ರೆ, ಉರುಸುಗಳ ಸಂದರ್ಭದಲ್ಲಿ ಬಿಸಿಲಿನಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾವಳಿಗಳಿಗೆ ಶಾಮಿಯಾನ ಬರುತ್ತದೆ, ಧ್ವನಿವರ್ಧಕ ಬರುತ್ತದೆ, ಅತಿಥಿಗಳಿಗೆ ಹಾರ ಬರುತ್ತದೆ. ಎದೆಯೊತ್ತುವುದನ್ನು ಕಲಿತ ಒಬ್ಬ ದೈಹಿಕ ಶಿಕ್ಷಕ ಅಲ್ಲಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಯಂತ್ರ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಒಂದು ದಿನದ ತರಬೇತಿ ಸಾಕು: ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಎರಡು ಅಂಗುಲದಷ್ಟು ಆಳಕ್ಕೆ, ನೆರವು ಬರುವವರೆಗೂ ನಿಲ್ಲಿಸದೆ ಒತ್ತುವುದು. 108 ವಾಹನ ಊರು ಮುಟ್ಟುವವರೆಗೆ ಜೀವವನ್ನು ಹಿಡಿದಿಡಬಲ್ಲದ್ದು ಅದೊಂದೇ.

ರಾಷ್ಟ್ರೀಯ ಲೀಗ್‌ನಲ್ಲಿ ಒಂದೇ ಋತುವಿಗೆ 15 ಗೋಲು, ಒಂದು ಲೀಗ್ ಪ್ರಶಸ್ತಿ, ಒಂದು ಫೆಡರೇಷನ್ ಕಪ್. ದಾಖಲೆ ಪುಸ್ತಕಗಳಲ್ಲಿ ಕ್ರಿಸ್ಟಿಯಾನೊ ಜೂನಿಯರ್ ಅವರ ಹೆಸರಿನ ಮುಂದಿರುವುದು ಇಷ್ಟು. ಡೆಂಪೊದಲ್ಲಿ ಅವರ ಜತೆಗೇ ಸೇರಿದ ರಾಂಟಿ ಮಾರ್ಟಿನ್ಸ್ ಮುಂದಿನ ಒಂದು ದಶಕದಲ್ಲಿ ಭಾರತದ ಲೀಗ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಗೋಲುಗಳನ್ನು ಹೊಡೆದರು. ಡೆಂಪೊ 2016ರಲ್ಲಿ ಐ-ಲೀಗ್‌ನಿಂದ ಹಿಂದೆ ಸರಿದು, ಹಲವು ವರ್ಷಗಳ ಬಳಿಕ 2024-25ರ ಋತುವಿನಲ್ಲಿ ಅದೇ ಲೀಗ್‌ಗೆ ಮರಳಿತು.